ಶರಣಪ್ಪ ಮಾಸ್ತರ ವಾಲಿದ ಬಾಗಿಲು

ನಮ್ಮ ಮನೆಗೆ ಬಂದವರೆಲ್ಲ ನಡುಮನೆಯ ಗೋಡೆಯ ಮುಂದೆ ನಿಂತು ಒಮ್ಮೆ ಕತ್ತು ವಾಲಿಸುತ್ತಾರೆ. ಅಲ್ಲೊಂದು ಬಾಗಿಲಿನ ಚಿತ್ರವಿದೆ. ಹಳೆಯ ಕಾಲದ ಎರಡು ಕದದ ಬಾಗಿಲು, ಮೇಲೊಂದು ತೋರಣ, ಹೊಸ್ತಿಲ ಹೊರಗೆ ಒಂದು ಜೊತೆ ಚಪ್ಪಲಿ. ಎಲ್ಲ ಚೆನ್ನಾಗಿದೆ, ಆದರೆ ಬಾಗಿಲು ಮೇಲಿನಿಂದ ಕೆಳಕ್ಕೆ ಬರುತ್ತ ಬರುತ್ತ ಬಲಗಡೆ ಜಾರಿಬಿಟ್ಟಿದೆ. ಚಪ್ಪಲಿಗಳು ಚೌಕಟ್ಟಿನ ಅಂಚಿಗೆ ಹೋಗಿ ನಿಂತಿವೆ. ಕೆಲವರು ಫ್ರೇಮನ್ನೇ ಸರಿಪಡಿಸಲು ಕೈ ಹಾಕುತ್ತಾರೆ. ಫ್ರೇಮು ನೆಟ್ಟಗೇ ಇದೆ, ವಾಲಿರುವುದು ಚಿತ್ರ ಎಂದು ತಿಳಿದ ಮೇಲೆ, ಇದಕ್ಕೆ ಯಾಕೆ ಕಟ್ಟು ಹಾಕಿಸಿದಿರಿ ಎಂಬಂತೆ ನನ್ನ ಮುಖ ನೋಡುತ್ತಾರೆ. ಆಗ ನನ್ನ ಹೆಂಡತಿ ಸುವರ್ಣಾ ಅಡಿಗೆಮನೆಯಿಂದಲೇ ಹೇಳುತ್ತಾಳೆ: "ಅದು ರಾಯಚೂರಿಂದ ಗಾಳ್ಯಾಗ ಬಂದ ಬಾಗಿಲ್ರಿ. ಬರೂಮುಂದ ಸ್ವಲ್ಪ ವಾಲೈತಿ."

ಅವಳು ಹೇಳುವುದು ನಿಜ. ಆದರೆ ಅದು ಹೇಗೆ ಬಂತು ಎಂದು ಹೇಳಬೇಕಾದರೆ ಮೊದಲು ನನ್ನ ನಾಲಿಗೆಯ ಸಮಾಚಾರ ಹೇಳಬೇಕು. ನನಗೆ ಮಾತು ತೊದಲುತ್ತದೆ. ಎಷ್ಟು ಸಲೀಸಾಗಿ ಬರೆದುಬಿಟ್ಟೆ ನೋಡಿ. ಇದನ್ನೇ ಬಾಯಿಂದ ಹೇಳುವುದಾಗಿದ್ದರೆ 'ಮಾತು' ಎನ್ನುವಷ್ಟರಲ್ಲಿ ನಿಮ್ಮ ಕೈಯಲ್ಲಿನ ಚಹಾ ಆರಿಹೋಗುತ್ತಿತ್ತು. ತುಟಿ ಕೂಡಿಸಿ ಹೇಳಬೇಕಾದ ಅಕ್ಷರಗಳೆಂದರೆ ಚಿಕ್ಕಂದಿನಿಂದಲೂ ನನಗಾಗುವುದಿಲ್ಲ. ಪ, ಬ, ಮ. ತುಟಿಗಳು ಒಮ್ಮೆ ಕೂಡಿಕೊಂಡರೆ ಬಿಡುವುದೇ ಇಲ್ಲ. ಇಷ್ಟಾಗಿ ನನ್ನ ಹೆಸರು ಬಸವರಾಜ. ತೊಟ್ಟಿಲಿಗೆ ಹಾಕಿದ ದಿನ ಯಾರಾದರೂ ನನ್ನನ್ನೊಂದು ಮಾತು ಕೇಳಿದ್ದರೆ ಆನಂದ ಎಂದೋ ಈಶ್ವರ ಎಂದೋ ಇಡಿರಪ್ಪ ಎನ್ನುತ್ತಿದ್ದೆ.

ನಮ್ಮಪ್ಪ ಕಲಬುರಗಿ ಕಡೆಯವರು. ಬಟ್ಟೆಯಂಗಡಿಯ ಕೆಲಸಕ್ಕೆಂದು ಹೈದರಾಬಾದಿಗೆ ಬಂದವರು ಕಾಚಿಗೂಡದಲ್ಲಿ ಮನೆ ಮಾಡಿ ಇಲ್ಲಿಯವರೇ ಆದರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ. ತೊದಲುವವನಿಗೆ ಇಂಥ ಊರಿನಲ್ಲಿ ಒಂದು ಅನುಕೂಲವುಂಟು. ಒಂದು ಭಾಷೆಯಲ್ಲಿ ಸಿಕ್ಕಿಬಿದ್ದರೆ ಇನ್ನೊಂದರಲ್ಲಿ ನುಸುಳಿಕೊಳ್ಳಬಹುದು. ಅವ್ವ ಹೋಳಿಗೆಗೆ ಬೆಲ್ಲ ತಾ ಎಂದು ಕಿರಾಣಿ ಅಂಗಡಿಗೆ ಕಳಿಸಿದರೆ, ಕನ್ನಡದ ಬೆಲ್ಲವೂ ಬರುತ್ತಿರಲಿಲ್ಲ, ತೆಲುಗಿನ ಬೆಲ್ಲಮೂ ಬರುತ್ತಿರಲಿಲ್ಲ. ಹಿಂದಿಯ 'ಗುಡ್' ಕೈಹಿಡಿಯುತ್ತಿತ್ತು. ಗಾಬರಿಯಲ್ಲಿ ಅದೂ ಮರೆತ ದಿನ ಸಕ್ಕರೆ ತಂದುಕೊಡುತ್ತಿದ್ದೆ. "ನಾ ಬೆಲ್ಲ ಅಂದೆ, ನೀ ಸಕ್ಕರಿ ತಂದಿ," ಎಂದು ಅವ್ವ ನನ್ನ ಮುಖ ನೋಡುತ್ತಿದ್ದಳು. ಆ ಹಬ್ಬಗಳಲ್ಲಿ ನಮ್ಮ ಮನೆಯ ಹೋಳಿಗೆ ಬೆಳ್ಳಗಿರುತ್ತಿತ್ತು.

ದೊಡ್ಡವನಾಗಿ ನೌಕರಿ ಸಿಕ್ಕಿತು, ಅದೂ ಬೇಗಂಪೇಟೆಯಲ್ಲಿ. ನನ್ನ ಹಣೆಬರಹಕ್ಕೆ ಅದೂ ಬ. ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿ ಹತ್ತಿದರೆ ಕಂಡಕ್ಟರ್ ಬಂದು ನಿಲ್ಲುತ್ತಿದ್ದ. ಹಿಂದೆ ಜನ ನೂಕುತ್ತಿರುವಾಗ ತುಟಿ ಬಿಗಿದುಕೊಂಡು ನಿಲ್ಲುವುದಾದರೂ ಹೇಗೆ? ಅದಕ್ಕೇ ಮುಂದಿನ ಅಮೀರ್‌ಪೇಟೆಗೆ ಟಿಕೆಟ್ಟು ತೆಗೆಸುತ್ತಿದ್ದೆ. ಬಾಯಿ ತೆರೆದರೆ ಸಾಕು, 'ಅ' ತಾನಾಗಿ ಹೊರಬೀಳುತ್ತದೆ. ಬೇಗಂಪೇಟೆಯಲ್ಲಿ ಇಳಿಯುವಾಗ ಕಂಡಕ್ಟರ್ ಕೂಗುತ್ತಿದ್ದ: "ಅಮೀರ್‌ಪೇಟ ಇಂಕಾ ರಾಲೇದು ಸಾರ್." ಇನ್ನೂ ಬಂದಿಲ್ಲ ಎಂದು ಅವನಿಗೆ ನನ್ನ ಮೇಲೆ ಕರುಣೆ. ನಾನು ಕೈಬೀಸಿ ಇಳಿದುಬಿಡುತ್ತಿದ್ದೆ.

ಇಂಥವನು ರೇಡಿಯೋದಲ್ಲಿ ಮಾತಾಡಲು ಹೋದದ್ದು ಯಾಕೆ ಎಂದು ನೀವು ಕೇಳಬಹುದು. ಸುವರ್ಣಾ ಕೂಡ ಕೇಳಿದ್ದಳು. ನಮ್ಮಪ್ಪನ ಹತ್ತಿರ ಒಂದು ಹಳೆಯ ರೇಡಿಯೋ ಇತ್ತು. ಅದರಲ್ಲಿ ಮಾತಾಡುವವರು ಯಾರೂ ಎಂದೂ ತೊದಲುತ್ತಿರಲಿಲ್ಲ. ಪೆಟ್ಟಿಗೆಯೊಳಗೆ ಏನೋ ಒಂದು ಯಂತ್ರ ಮಾತುಗಳನ್ನು ನುಣ್ಣಗೆ ಮಾಡಿ ಹೊರಗೆ ಬಿಡುತ್ತದೆ ಎಂದುಕೊಂಡಿದ್ದೆ. ಆ ನಂಬಿಕೆ ಬುದ್ಧಿ ಬಂದ ಮೇಲೂ ಎದೆಯ ಯಾವುದೋ ಮೂಲೆಯಲ್ಲಿ ಉಳಿದಿತ್ತು. ನಮ್ಮ ಆಫೀಸಿನವರೊಬ್ಬರು ಹ್ಯಾಮ್ ರೇಡಿಯೋದ ಹವ್ಯಾಸಿ. ಪರವಾನಗಿ ಪಡೆದು, ಮನೆಯಲ್ಲೇ ಸಣ್ಣ ಕೇಂದ್ರ ಇಟ್ಟುಕೊಂಡು, ಊರೂರಿನ ಹವ್ಯಾಸಿಗಳೊಡನೆ ಮಾತಾಡುವ ಹುಚ್ಚು ಅದು. ಅವರ ಬೆನ್ನು ಹತ್ತಿ ನಾನೂ ಪರೀಕ್ಷೆ ಬರೆದು ಪಾಸಾದೆ. ಸೆಟ್ಟು ತಂದೆ, ತಾರಸಿಯ ಮೇಲೆ ತಂತಿ ಕಟ್ಟಿದೆ, ಮೈಕು ಒತ್ತಿ ಹಿಡಿದೆ.

ತುಟಿಗಳು ಕೂಡಿಕೊಂಡವು. ಮೈಕು ಒತ್ತಿದರೆ ಮಾತಿರಲಿ ಬಿಡಲಿ, ಅಲೆ ಹೊರಟುಬಿಡುತ್ತದೆ. ಹೀಗಾಗಿ ನನ್ನ ಮೌನ ಅಚ್ಚುಕಟ್ಟಾಗಿ ಊರೆಲ್ಲ ಪ್ರಸಾರವಾಯಿತು. ಸ್ವಲ್ಪ ಹೊತ್ತಿಗೆ ಯಾರೋ ಹೈದರಾಬಾದಿ ಹಿಂದಿಯಲ್ಲಿ ಕೇಳಿದರು: "ಕೌನ್ ಹೈ ಜೀ, ಮೈಕ್ ದಬಾಕೋ ಬೈಠೇ?" ಯಾರದು, ಮೈಕು ಒತ್ತಿಕೊಂಡು ಕೂತವರು ಎಂದು. ನಾನು ಸೆಟ್ಟು ಆರಿಸಿದೆ. ಸುವರ್ಣಾ ತನ್ನ ಹಳೆಯ ಸೀರೆಯ ತುಂಡೊಂದನ್ನು ತಂದು ಅದಕ್ಕೆ ಹೊದಿಸಿದಳು.

ಆ ಸೀರೆಯ ತುಂಡನ್ನು ಮತ್ತೆ ತೆಗೆಸಿದ್ದು ಕಂಪ್ಯೂಟರ್. ಹವ್ಯಾಸಿಗಳಲ್ಲಿ ಡಿಜಿಟಲ್ ಎಂಬ ರೀತಿಯೊಂದಿದೆ. ನೀವು ಕಂಪ್ಯೂಟರಿನಲ್ಲಿ ಟೈಪು ಮಾಡುತ್ತ ಹೋಗುತ್ತೀರಿ. ಅದರೊಳಗಿನ ಸೌಂಡ್ ಕಾರ್ಡು ನಿಮ್ಮ ಅಕ್ಷರಗಳನ್ನು ಒಂದು ಬಗೆಯ ಸಿಳ್ಳೆಯಾಗಿ ಮಾಡಿ ರೇಡಿಯೋಗೆ ಕೊಡುತ್ತದೆ. ಅತ್ತ ಕಡೆಯ ಸೌಂಡ್ ಕಾರ್ಡು ಆ ಸಿಳ್ಳೆಯನ್ನು ಕೇಳಿ ಮತ್ತೆ ಅಕ್ಷರ ಮಾಡಿ ತೆರೆಯ ಮೇಲೆ ಮೂಡಿಸುತ್ತದೆ. ನಾಲಿಗೆಗೆ ಕೆಲಸವೇ ಇಲ್ಲ. ಮೊದಲ ದಿನ ನಾನು ಕೂತು ಬಸವರಾಜ, ಬಸವರಾಜ, ಬೇಗಂಪೇಟೆ, ಬೆಲ್ಲ ಎಂದು ಬರೀ ಬಕಾರವನ್ನೇ ಟೈಪು ಮಾಡಿ ನೋಡಿದೆ. ಪ್ರಸಾರ ಮಾಡಲಿಲ್ಲ, ಸುಮ್ಮನೆ ಆನಂದಕ್ಕೆ.

ಹೀಗೆ ಬೆಳಗಿನ ಹೊತ್ತು ಕರೆಯುತ್ತಿದ್ದಾಗ ಸಿಕ್ಕವರು ರಾಯಚೂರಿನ ಶರಣಪ್ಪ ಮಾಸ್ತರು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. ನಾನೂ ಹಾಗೇ. ಸ್ನಾನಕ್ಕೂ ಆಫೀಸಿಗೂ ನಡುವೆ ನಮ್ಮ ಹರಟೆ. "ಚಾ ಆತೇನ್ರಿ?" ಎಂದು ಮೂಡುತ್ತಿತ್ತು. "ಈಗ ಕುಡ್ಯಾಕತ್ತೀನ್ರಿ," ಎಂದು ನಾನು. ದೊಡ್ಡ ವಿಷಯವೇನೂ ಇರುತ್ತಿರಲಿಲ್ಲ. ಅಲ್ಲಿ ಬಿಸಿಲೆಷ್ಟು, ಇಲ್ಲಿ ಟ್ರಾಫಿಕ್ಕೆಷ್ಟು, ನೀಲಮ್ಮನವರ ಮೊಣಕಾಲು ನೋವು ಹೇಗಿದೆ. ನೀಲಮ್ಮ ಎಂದರೆ ಅವರ ಮನೆಯವರು. ನಾನು ಹುಟ್ಟಿದಾಗಿನಿಂದ ಒಬ್ಬ ಮನುಷ್ಯನೊಡನೆ ಅಷ್ಟು ಮಾತಾಡಿದ್ದಿಲ್ಲ.

ಒಂದು ದಿನ ಮಾಸ್ತರು, "ಚಿತ್ರಾ ಕಳಸ್ತೀನಿ, ತಗೋರಿ," ಎಂದರು. ಚಿತ್ರವೂ ಸದ್ದಿನಲ್ಲೇ ಬರುತ್ತದೆ, ಒಂದೊಂದೇ ಗೆರೆಯಾಗಿ, ಮೇಲಿನಿಂದ ಕೆಳಕ್ಕೆ. ಅವರು ತಮ್ಮ ಮನೆಯ ಮುಂಬಾಗಿಲನ್ನು ಬಿಡಿಸಿ ಕಳಿಸಿದ್ದರು. ನನ್ನ ತೆರೆಯ ಮೇಲೆ ತೋರಣ ಬಂತು, ಚಿಲಕ ಬಂತು, ಆದರೆ ಬಾಗಿಲು ಕುಡಿದವನಂತೆ ವಾಲುತ್ತ ಹೋಯಿತು. ತುಂಬ ಚೆನ್ನಾಗಿದೆ, ಸ್ವಲ್ಪ ವಾಲಿದೆ ಎಂದು ಬರೆದೆ. ಚಿತ್ರಕಲೆಯ ಮಾಸ್ತರಿಗೆ ಇದು ಸಹಿಸಲಾಗದ ಮಾತು.

"ನಾ ತಗದ ಬಾಗ್ಲ ನಿಮ್ಮ ಮನ್ಯಾಗ ವಾಲಬಾರ್ದ್ರಿ," ಎಂದು ಬಂತು ಉತ್ತರ. "ನಿಮ್ಮ ಸೌಂಡ್ ಕಾರ್ಡಿನ ಗಡಿಯಾರ ತಪ್ಪೈತಿ. ಸರಿ ಮಾಡೂಣು."

ಸೌಂಡ್ ಕಾರ್ಡಿನೊಳಗೆ ಒಂದು ಪುಟ್ಟ ಗಡಿಯಾರ ಇರುತ್ತದಂತೆ. ಸದ್ದನ್ನು ಅದು ಸಣ್ಣ ಸಣ್ಣ ಚೂರು ಮಾಡಿ ಎಣಿಸುತ್ತದೆ. ಯಾವ ಕಾರ್ಡೂ ಕರಾರುವಾಕ್ಕಾಗಿ ಎಣಿಸುವುದಿಲ್ಲ, ಒಂದು ಕೂದಲೆಳೆ ಹಿಂದೆಮುಂದೆ. ಮಾತಿಗಾದರೆ ನಡೆಯುತ್ತದೆ. ಚಿತ್ರಕ್ಕಾದರೆ ಪ್ರತಿ ಗೆರೆಯೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಸರಿದು, ಕೆಳಗೆ ಬರುವಷ್ಟರಲ್ಲಿ ಬಾಗಿಲೇ ಜಾರಿರುತ್ತದೆ. ಇದನ್ನು ಸರಿಪಡಿಸಲು ದೂರದೇಶದ ಒಂದು ಸ್ಟೇಷನ್ ಹಿಡಿಯಬೇಕು. ಅದರಲ್ಲಿ ಹಾಡಿಲ್ಲ, ವಾರ್ತೆಯಿಲ್ಲ. ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತದೆ, ಅಷ್ಟೆ. ಆ ಟಿಕ್ಕುಗಳು ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಚುಕ್ಕೆಗಳಾಗಿ ಗೆರೆ ಎಳೆಯುತ್ತವೆ. ಗೆರೆ ನೆಟ್ಟಗಿದ್ದರೆ ನಿಮ್ಮ ಗಡಿಯಾರ ಸರಿ. ಓರೆಯಾಗಿದ್ದರೆ ಗೆರೆಯ ತಲೆಯ ಮೇಲೊಮ್ಮೆ, ಬುಡದಲ್ಲೊಮ್ಮೆ ಮೌಸ್ ಒತ್ತಿದರೆ ಕಂಪ್ಯೂಟರೇ ಲೆಕ್ಕ ಹಾಕಿ ತಿದ್ದಿಕೊಳ್ಳುತ್ತದೆ.

ಮಾಸ್ತರು ಇದನ್ನೆಲ್ಲ ರಾಯಚೂರಿನಿಂದಲೇ ಸಾಲು ಸಾಲಾಗಿ ಹೇಳಿಕೊಟ್ಟರು. ಸ್ಟೇಷನ್ ಸಿಕ್ಕಿತು. ಕಡಲಿನಾಚೆಯ ಆ ಟಿಕ್ ಟಿಕ್ ಕೇಳಿ ನನಗೆ ಹಿಗ್ಗು. "ಎಷ್ಟ ಸ್ಪಷ್ಟ ಕೇಳ್ಸಾಕತ್ತೈತ್ರಿ. ನಿಮಗೂ ಕೇಳ್ಸತೈತೇನು?" ಎಂದು ಬರೆದೆ.

"ನಂಗ ಕೇಳ್ಸೂದಿಲ್ರಿ."

"ಯಾಕ್ರಿ, ನಿಮ್ಮ ಕಡೆ ಇವತ್ತ ಹವಾ ಸರಿ ಇಲ್ಲೇನು?"

"ಹವಾ ಛಲೋ ಐತಿ. ಕಿವಿ ಇಲ್ಲ."

ಅವರೇ ಮುಂದೆ ಬರೆದರು. ನಡುವಯಸ್ಸಿನಲ್ಲಿ ಮೆದುಳು ಜ್ವರ ಬಂದು ಎರಡೂ ಕಿವಿ ಹೋದವಂತೆ. ಅದಕ್ಕೂ ಮೊದಲೇ ರೇಡಿಯೋ ಹುಚ್ಚು ಇತ್ತು. ಕಿವಿ ಹೋದ ಮೇಲೆ ಸೆಟ್ಟನ್ನು ಅಟ್ಟಕ್ಕೆ ಹಾಕಿದ್ದರು. ಈ ಡಿಜಿಟಲ್ ಬಂದ ಮೇಲೆ ಕೆಳಗಿಳಿಸಿದರು. ಇದರಲ್ಲಿ ಸದ್ದುಗಳೆಲ್ಲ ತೆರೆಯ ಮೇಲೆ ಹಳದಿ ಗೆರೆಗಳಾಗಿ ಸುರಿಯುತ್ತವಲ್ಲ, ಅವುಗಳನ್ನು ನೋಡಿಯೇ ಯಾರು ಎಲ್ಲಿದ್ದಾರೆಂದು ಹೇಳಬಲ್ಲರು. "ಮಂದಿ ಕೇಳ್ತಾರ, ನಾ ನೋಡ್ತೀನಿ," ಎಂದು ಬರೆದು, "ಗೆರಿ ನೆಟ್ಟಗ ಆತೇನ್ರಿ?" ಎಂದು ಕೇಳಿದರು.

ಗೆರೆ ನೆಟ್ಟಗಾಗಿತ್ತು. ಅವರು ಬಾಗಿಲನ್ನು ಮತ್ತೆ ಕಳಿಸಿದರು. ಈ ಸಲ ಅಳತೆಗೋಲು ಹಿಡಿದಂತೆ ಬಂತು. ಆದರೂ ನಾನು ಕಟ್ಟು ಹಾಕಿಸಿದ್ದು ಮೊದಲನೆಯದಕ್ಕೇ. ಯಾಕೆಂದು ಕೇಳಿದರೆ ಸುವರ್ಣಾಳಿಗೂ ಸರಿಯಾಗಿ ಹೇಳಲಾರೆ.

ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಮಾಸ್ತರು ಹರಟೆ ಬಿಟ್ಟು ನೇರ ವಿಷಯಕ್ಕೆ ಬಂದರು. ಹಿಮಾಯತ್‌ನಗರದ ಒಂದು ಕಿವಿಯ ಆಸ್ಪತ್ರೆಯಲ್ಲಿ ತೋರಿಸಬೇಕೆಂದಿದ್ದಾರೆ. ಒಳಕಿವಿಗೆ ಮಷೀನು ಕೂಡಿಸುವ ಆಪರೇಷನ್ ಆಗಬಹುದೋ ಏನೋ. ನೀಲಮ್ಮನವರು ಮೊಣಕಾಲಿನಿಂದಾಗಿ ಬರಲಾರರು. "ಅಲ್ಲಿಯವರ ತೆಲುಗು ನಂಗ ತುಟಿ ನೋಡಿ ತಿಳಿಯಂಗಿಲ್ಲ. ನೀವು ನನ್ನ ಪರವಾಗಿ ಡಾಕ್ಟರ್ ಜೋಡಿ ಮಾತಾಡ್ರಿ. ನಿಮ್ಮಷ್ಟ ಮಾತಾಡವ್ರು ನಂಗ ಯಾರೂ ಗೊತ್ತಿಲ್ಲ."

ನನ್ನ ತೊದಲಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಟೈಪು ಮಾಡುವವನು ತೊದಲುತ್ತಾನೆಂದು ಯಾರಿಗೆ ಗೊತ್ತಾಗಬೇಕು? ಆಫೀಸಿಗೆ ಹೋಗಿ ಬಂದರೂ ಅದೇ ಚಿಂತೆ. ಸುವರ್ಣಾ ನನ್ನ ಮುಂದೆ ಚಹಾ ಇಟ್ಟು, "ಇದ್ದದ್ದು ಹೇಳಿಬಿಡ್ರಿ. ಅವ್ರು ಕಿವಿ ಇಲ್ಲ ಅಂತ ಎಷ್ಟ ಸೀದಾ ಹೇಳಿದ್ರು," ಎಂದಳು. ಮರುದಿನ ಹೇಳಿದೆ.

"ಹೌದೇನು? ನಂಗ ಹ್ಯಾಂಗೂ ಕೇಳಂಗಿಲ್ಲ ಬಿಡ್ರಿ," ಎಂದು ಮೂಡಿತು. ಅದರ ಕೆಳಗೆ, "ಡಾಕ್ಟರಿಗೆ ಅವಸರ ಇದ್ರ ಅದು ಅವ್ರ ಕಷ್ಟ."

ಕಾಚಿಗೂಡ ಸ್ಟೇಷನ್ನಿನಲ್ಲಿ ರಾಯಚೂರಿನ ಗಾಡಿ ಬಂದಾಗ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಬಿಳಿ ಧೋತರ, ಹೆಗಲಿಗೊಂದು ಬಟ್ಟೆಯ ಚೀಲ, ಎಲ್ಲರ ಬಾಯಿಯನ್ನೇ ನೋಡುತ್ತ ಬರುತ್ತಿದ್ದ ಮನುಷ್ಯ ಅವರೊಬ್ಬರೇ. ನನ್ನ ಮುಂದೆ ನಿಂತು, ತಮ್ಮ ದನಿ ತಮಗೆ ಕೇಳದ ಕಾರಣ ಗಟ್ಟಿಯಾಗಿ, "ಬಸವರಾಜರೇನ್ರಿ?" ಎಂದರು. ನನ್ನ ಹೆಸರನ್ನು ನಾನೇ ಹೇಳುವ ಕಷ್ಟ ತಪ್ಪಿತು. ಬರ್ರಿ ಎನ್ನಲು ಹೋದೆ. ತುಟಿಗಳು ಕೂಡಿದವು, ಹಾಗೇ ನಿಂತವು. ಜನ ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಬೇರೆ ಕಡೆ ನೋಡುತ್ತಾರೆ. ಮಾಸ್ತರು ನನ್ನ ತುಟಿಯನ್ನೇ ನೋಡುತ್ತಿದ್ದರು.

"ಬರ್ರಿ ಅಂತೀರಿ, ಹೌದಲ್ರಿ? ಬಂದೆ," ಎಂದರು. ಆಟೋದಲ್ಲಿ ಕೂತ ಮೇಲೆ ಹೇಳಿದರು: "ಎಲ್ಲಾರೂ ಫಟಾಫಟ್ ಮಾತಾಡಿ ಬಾಯಿ ಮುಚ್ಚಿಬಿಡ್ತಾರ. ನಾ ಓದೂದ್ರಾಗ ಮಾತು ಮುಗದಿರತೈತಿ. ನಿಮ್ಮದು ಹಂಗಲ್ಲ. ನೀವು ಹೇಳೂಕಿಂತ ಮೊದ್ಲ ನಿಮ್ಮ ತುಟಿ ಹೇಳತೈತಿ, ನಿಂತು ಹೇಳತೈತಿ. ನಂಗ ಭಾಳ ಸಸಾರ ಆತು." ನನ್ನ ತೊದಲನ್ನು ಸಹಿಸಿಕೊಂಡವರು ಬಹಳ ಜನ ಇದ್ದಾರೆ. ಅದರಿಂದ ಉಪಕಾರವಾಯಿತೆಂದವರು ಅವರೊಬ್ಬರೇ.

ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಒಳಗೆ ಕರೆದರು. ವಯಸ್ಸು ಚಿಕ್ಕದು, ಮಾತು ಮೆತ್ತಗೆ. ತೆಲುಗಿನಲ್ಲಿ ನನಗೆ ವಿವರಿಸಿದರು. ಆ ಜ್ವರ ಬಂದಾಗಲೇ ಒಳಕಿವಿಯೊಳಗೆ ಎಲುಬು ಬೆಳೆದು ಗಟ್ಟಿಯಾಗಿಬಿಟ್ಟಿದೆ. ಎರಡೂ ಕಿವಿಯಲ್ಲಿ ಹಾಗೆಯೇ. ಮಷೀನು ಕೂಡಿಸಲು ಜಾಗವಿಲ್ಲ, ಕೂಡಿಸಿದರೂ ಕೇಳಿಸಲಿಕ್ಕಿಲ್ಲ. ಬೇರೆ ದಾರಿ ಏನಾದರೂ ಇದೆಯೇ ಎಂದು ಕೇಳಬೇಕಾಗಿತ್ತು. ಆ 'ಬೇರೆ' ತೆಲುಗಿನಲ್ಲಿ 'ವೇರೇ' ಆದದ್ದು ನನ್ನ ಪುಣ್ಯ. ಆದರೂ ಬಹಳ ಹೊತ್ತು ಹಿಡಿಯಿತು. ಡಾಕ್ಟರಮ್ಮ ಕಾದರು, ಪೂರ್ತಿ ಕೇಳಿಸಿಕೊಂಡರು, ಆಮೇಲೆ ನಿಧಾನವಾಗಿ ತಲೆಯಾಡಿಸಿದರು.

ಹೊರಗಿನ ಬೆಂಚಿನ ಮೇಲೆ ಕೂತು ನಾನು ಫೋನು ತೆಗೆದು ಟೈಪು ಮಾಡಲು ಹೋದೆ. ಮಾಸ್ತರು ನನ್ನ ಕೈ ಹಿಡಿದರು. "ಬರೀಬ್ಯಾಡ್ರಿ. ಬಾಯಿಲೆ ಹೇಳ್ರಿ."

"ಆಗೂದಿಲ್ಲಂತ್ರಿ," ಎಂದೆ.

ಒಂದೇ ಉಸಿರಿಗೆ ಬಂದುಬಿಟ್ಟಿತು. ಎಲ್ಲಿಯೂ ತಡೆಯಲಿಲ್ಲ, ತೊಡರಲಿಲ್ಲ. ಜೀವನವಿಡೀ ಎಡವಿದ ನಾಲಿಗೆ ಆ ಒಂದು ಮಾತಿನಲ್ಲಾದರೂ ಎಡವಬಾರದಿತ್ತೇ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು. ಮಾಸ್ತರು ನನ್ನ ತುಟಿಯಿಂದ ಕಣ್ಣು ತೆಗೆದು ಎದುರಿನ ಗೋಡೆ ನೋಡಿದರು. ಆಮೇಲೆ, "ನಡೀರಿ, ಚಾ ಕುಡಿಯೂಣು," ಎಂದರು.

ಹತ್ತಿರದ ಇರಾನಿ ಹೋಟೆಲಿನಲ್ಲಿ ಕೂತೆವು. ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತ ಅವರು ಈ ವಯಸ್ಸಿನಲ್ಲಿ ಆಪರೇಷನ್ನಿಗೆ ಯಾಕೆ ಹೊರಟರು ಎಂಬುದನ್ನು ಹೇಳಿದರು. ನೀಲಮ್ಮನವರಿಗೆ ಹಲ್ಲುಗಳು ಒಂದೊಂದಾಗಿ ಉದುರಿದವಂತೆ. ಹಲ್ಲು ಹೋದ ಹಾಗೆಲ್ಲ ತುಟಿಯ ಆಕಾರ ಬದಲಾಗುತ್ತಿತ್ತು, ಇವರೂ ಹಾಗೆ ಹಾಗೆ ಓದುವುದನ್ನು ರೂಢಿಸಿಕೊಂಡರು. ಕೊನೆಗೆ ಪೂರ್ತಿ ಬೊಚ್ಚುಬಾಯಿಯನ್ನೂ ನೀರು ಕುಡಿದಂತೆ ಓದುತ್ತಿದ್ದರು. ಈಗ ಮಗಳು ಅವ್ವನನ್ನು ಕರೆದುಕೊಂಡು ಹೋಗಿ ಹೊಸ ಹಲ್ಲಿನ ಸೆಟ್ಟು ಹಾಕಿಸಿದ್ದಾಳೆ.

"ಚಂದ ಕಾಣ್ತಾಳ್ರಿ. ಖರೆ ಒಂದ ಮಾತೂ ತಿಳೀವಲ್ದು. ಯಾರ ಬಾಯೋ ತಂದು ಹಚ್ಚಿದಂಗ ಆಗೈತಿ," ಎಂದರು. "ಫೋನಿನ್ಯಾಗ ಮಾತು ಬರ್ದು ತೋರ್ಸೂದು ಬಂದೈತಲ್ರಿ, ಅದನೂ ಹಾಕ್ಸಿ ನೋಡಿದೆ. ಅಕಿ 'ಚಾ ಕುಡೀತೀರೇನು' ಅಂದ್ರ ಅದು 'ಚಾಕು ಕೊಡುತ್ತೀರೇನು' ಅಂತ ಬರೀತೈತಿ."

ನಾನು ನಕ್ಕೆ. ಅವರೂ ನಕ್ಕರು, ಸುತ್ತಲಿನ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ. ನಗು ನಿಂತ ಮೇಲೆ ಕೇಳಿದೆ, ಇದನ್ನು ನೀಲಮ್ಮನವರಿಗೆ ಹೇಳಿದ್ದೀರಾ ಎಂದು. "ಹ್ಯಾಂಗ ಹೇಳ್ಲಿ?" ಎಂದರು. "ಕನ್ನಡಿ ಮುಂದ ನಿಂತು ಖುಷಿ ಪಡತಾಳ."

ಸಂಜೆಯ ಗಾಡಿ. ಪ್ಲಾಟ್‌ಫಾರ್ಮಿನಲ್ಲಿ ಮಾಸ್ತರು ತಮ್ಮ ಫೋನು ತೆಗೆದು ನನ್ನ ಕೈಗಿಟ್ಟರು. "ಮನ್ಯಾಗ ಕಾಯಾಕತ್ತಿರತಾಳ. ಡಾಕ್ಟರ್ ಏನಂದ್ರು ನೀವ ಹೇಳ್ರಿ." ತೊದಲುವವನಿಗೆ ಫೋನಿಗಿಂತ ದೊಡ್ಡ ಶತ್ರುವಿಲ್ಲ. ಎದುರಿನವರಿಗೆ ಮುಖ ಕಾಣದು, ಮೌನವಷ್ಟೇ ಕೇಳುತ್ತದೆ, ಲೈನು ಕಟ್ಟಾಯಿತೆಂದು ಇಟ್ಟುಬಿಡುತ್ತಾರೆ. ಆದರೆ ಅಲ್ಲಿ ಮಾತಾಡಬಲ್ಲವನು ನಾನೊಬ್ಬನೇ ಇದ್ದೆ.

"ಹಲೋ, ಯಾರ್ರೀ?" ಎಂದಿತು ಒಂದು ಹೆಣ್ಣುದನಿ.

"ನಾನ್ರಿ, ಹೈದ್ರಾಬಾದಿಂದ, ಬ..." ಎಂದೆ. ಅಲ್ಲಿಗೇ ನಿಂತಿತು.

"ಬಸವರಾಜರೇನ್ರಿ?" ಎಂದರು ನೀಲಮ್ಮನವರು. "ಅವ್ರು ಹೇಳ್ಯಾರ ನಿಮ್ಮ ಬಗ್ಗೆ. ಸಾವಕಾಶ ಹೇಳ್ರಿ. ನಾ ಗ್ಯಾಸ್ ಆರ್ಸಿ ಕುಂತೀನಿ."

ನಾನು ಸಾವಕಾಶವಾಗಿಯೇ ಹೇಳಿದೆ. ಎಲುಬು ಬೆಳೆದದ್ದು, ಎರಡೂ ಕಿವಿಯಲ್ಲಿ ಹಾಗೇ ಇರುವುದು, ಆಪರೇಷನ್ ಆಗದಿರುವುದು. ನಡುನಡುವೆ ನಿಂತೆ. ಅವರು ಒಮ್ಮೆಯೂ ನನ್ನ ಮಾತನ್ನು ತಾವು ಪೂರ್ತಿ ಮಾಡಲಿಲ್ಲ. ಎಲ್ಲ ಕೇಳಿಯಾದ ಮೇಲೆ ಒಂದು ನಿಟ್ಟುಸಿರು ಕೇಳಿಸಿತು.

"ಊಟಾ ಮಾಡಿದ್ರೇನ್ರಿ ಅವ್ರು?"

ಹೌದು ಎಂದೆ.

"ಹೋಗ್ಲಿ ಬಿಡ್ರಿ. ಇಷ್ಟ ದಿನಾ ಹ್ಯಾಂಗ ಸಾಗೈತಿ, ಮುಂದನೂ ಸಾಗತೈತಿ. ಅವ್ರಿಗೊಂದ ಮಾತು ಹೇಳ್ರಿ. ನಾ ಆ ಹಲ್ಲು ತಗದಿಟ್ಟೀನಿ ಅಂತ."

ನಾನು ಬೆರಗಾಗಿ ಮಾಸ್ತರ ಕಡೆ ನೋಡಿದೆ.

"ನಂಗ ತಿಳಿಯಂಗಿಲ್ಲೇನ್ರಿ?" ಎಂದು ನೀಲಮ್ಮನವರು ಮುಂದುವರಿಸಿದರು. "ಹಲ್ಲು ಹಾಕ್ಸಿದಾಗಿಂದ ನನ್ನ ಬಾಯಿ ನೋಡತಾರ, ಕಣ್ಣು ಕೆಳಗ ಹಾಕತಾರ. ಊಟಕ್ಕಷ್ಟ ಹಾಕ್ಕೊಂತೀನಂತ ಹೇಳ್ರಿ. ಮಾತಾಡುಮುಂದ ತಗೀತೀನಿ."

ಗಾಡಿ ಹೊರಡುವ ಹೊತ್ತಾಗಿತ್ತು. ಮಾಸ್ತರು ಬಾಗಿಲ ಬಳಿ ಹತ್ತಿ ನಿಂತು ನನ್ನ ತುಟಿಯನ್ನೇ ನೋಡುತ್ತಿದ್ದರು. ಹಲ್ಲು ತೆಗೆದಿಟ್ಟದ್ದನ್ನು ಹೇಳಿದೆ. ಊಟಕ್ಕಷ್ಟೇ ಹಾಕಿಕೊಳ್ಳುವುದನ್ನು ಹೇಳಿದೆ. 'ಮಾತಾಡುಮುಂದ' ಎನ್ನುವಲ್ಲಿ ತುಟಿಗಳು ಕೂಡಿಕೊಂಡವು. ಅವರು ಕಾದರು. ಕೂಲಿಗಳು, ಹೆಣ್ಣುಮಕ್ಕಳು, ಗಂಟುಮೂಟೆ ಎಲ್ಲ ನಮ್ಮ ನಡುವೆ ಹಾದುಹೋದವು. ಕೊನೆಗೆ ಮಾತು ಬಂತು. ಅವರಿಗೆ ತಲುಪಿತು.

ಅವರು ಬಗ್ಗಿ ನನ್ನ ಕೈಯಿಂದ ಫೋನು ಕಸಿದುಕೊಂಡರು. ಏನೂ ಕೇಳಿಸದ ಆ ಫೋನನ್ನು ಬಾಯಿಯ ಹತ್ತಿರ ಹಿಡಿದು ಇಡೀ ಡಬ್ಬಿಗೆ ಕೇಳುವಂತೆ ಹೇಳಿದರು: "ನೀಲಾ, ಹೊಂಟೀನಿ. ನೀ ಕಾಯಬ್ಯಾಡ, ಹಲ್ಲು ಹಾಕ್ಕೊಂಡು ಉಣ್ಣು. ನಾ ಬಂದ ಮ್ಯಾಲ ಮಾತಾಡೂಣು." ಹೇಳಿ, ಫೋನನ್ನು ನನ್ನ ಕಿವಿಗೆ ತಾವೇ ಒತ್ತಿ ಹಿಡಿದರು.

"ಏನಂತಾಳ್ರಿ?"

ನಾನು ಕಿವಿಗೊಟ್ಟು ಕೇಳಿದೆ.

"ನಗಾಕತ್ತಾರ್ರಿ," ಎಂದೆ.